ಸುಗ್ಗಿಯಲ್ಲಿ ತುಂಬಿಸಿಕೊಳ್ಳಿ, ಉಳಿದದ್ದನ್ನು ಸರ್ಕಾರಕ್ಕೆ ಕೇಳಿ

ತಂಗಿಯರೇ, ತಿಂಗಳ ಕೊನೆಗೆ ರೊಕ್ಕ ಸಾಲುತ್ತಿಲ್ಲ ಅಂತ ಓಣಿಯ ಹೆಣ್ಣುಮಕ್ಕಳು ನನ್ನ ಹತ್ತಿರ ಬಂದು ಕೂತಾಗ ನಾನು ಮೊದಲು ಕೇಳುವುದು ಒಂದೇ ಮಾತು. ತೊಗರಿ ಬೇಳೆ ಯಾವಾಗ ತಗೊಂಡಿರಿ, ಎಷ್ಟು ತಗೊಂಡಿರಿ? ಬಹಳ ಮಂದಿಯ ಉತ್ತರ, ಬೇಕಾದಾಗ ಕಿರಾಣಿ ಅಂಗಡಿಯಿಂದ ಅರ್ಧ ಕೆಜಿ, ಒಂದು ಕೆಜಿ. ರೊಕ್ಕ ಸೋರಿ ಹೋಗುವುದು ಅಲ್ಲೇ. ನಾವಿರುವುದು ಕಲಬುರಗಿಯಲ್ಲಿ. ನಮ್ಮ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ನೆಲದ್ದೇ ಬೆಳೆ ಅನ್ನುವ ಗುರುತು, ಸಿಕ್ಕಿದೆ, ಊರ ತುಂಬ ದಾಲ್ ಮಿಲ್‌ಗಳಿವೆ, ಆದರೂ ನಾವು ಬೇಳೆಯನ್ನು ಬೆಂಗಳೂರಿನವರು ಕೊಳ್ಳುವ ಹಾಗೆ ಪ್ಯಾಕೆಟ್‌ನಲ್ಲಿ ಕೊಳ್ಳುತ್ತೇವೆ. ಯಾಕೆ?

ಹೊಸ ತೊಗರಿ ಗಂಜ್ ಮಾರುಕಟ್ಟೆಗೆ ಬರುವುದು ಡಿಸೆಂಬರ್ ಕೊನೆಯಿಂದ ಫೆಬ್ರವರಿಯವರೆಗೆ. ಬಿಳಿ ಜೋಳ ಫೆಬ್ರವರಿ, ಮಾರ್ಚ್‌ನಲ್ಲಿ. ಒಣಮೆಣಸಿನಕಾಯಿ, ಹುಣಸೆಹಣ್ಣು ಕೂಡ ಹೆಚ್ಚುಕಡಿಮೆ ಅದೇ ಸುಮಾರಿಗೆ. ಅಂದರೆ ಶರಣಬಸವೇಶ್ವರ ಜಾತ್ರೆ ಮುಗಿಯುವ ಹೊತ್ತಿಗೆ ವರ್ಷದ ದೊಡ್ಡ ಖರೀದಿ ಮುಗಿದಿರಬೇಕು. ಶ್ರಾವಣ ಬಂದು ಹಬ್ಬಗಳು ಶುರುವಾದ ಮೇಲೆ ಅಂಗಡಿಗೆ ಹೋದರೆ ಜಾಸ್ತಿ ಕೊಡುವುದು ತಪ್ಪುವುದಿಲ್ಲ. ಐದು ಜನರ ಮನೆಗೆ ತಿಂಗಳಿಗೆ ಐದು ಕೆಜಿ ಬೇಳೆ ಬೇಕು ಅಂತ ಇಟ್ಟುಕೊಳ್ಳಿ. ಮೊದಲ ವರ್ಷ ಆರು ತಿಂಗಳದ್ದು, 30 ಕೆಜಿ ಮಾತ್ರ ತಗೊಳ್ಳಿ. ಕೆಜಿಗೆ 20 ರೂಪಾಯಿ ವ್ಯತ್ಯಾಸ ಬಿದ್ದರೂ 600 ರೂಪಾಯಿ ಉಳಿಯಿತು.

ಒಮ್ಮೆಗೇ ಅಷ್ಟು ರೊಕ್ಕ ಎಲ್ಲಿಂದ ತರೋದು ಅಕ್ಕಾ, ಅಂತೀರಿ. ಸರಿಯಾದ ಪ್ರಶ್ನೆ. ಬಡವರ ಮನೆಯಲ್ಲಿ ಖರ್ಚು ಜಾಸ್ತಿಯಾಗುವುದು ದುಂದಿನಿಂದಲ್ಲ, ಸುಗ್ಗಿಯ ಹೊತ್ತಿಗೆ ಕೈಯಲ್ಲಿ ಗಂಟು ಇಲ್ಲದ್ದರಿಂದ. ಅದಕ್ಕೇ ನಾನು ಹೇಳುವುದು, ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತಿದ್ದರೆ ಅದರಲ್ಲಿ 500 ಮುಟ್ಟಲೇಬೇಡಿ. ಬಂದ ದಿನವೇ ಅಂಚೆ ಕಚೇರಿಗೋ ಸಂಘದ ಉಳಿತಾಯಕ್ಕೋ ಹಾಕಿಬಿಡಿ. ಹನ್ನೆರಡು ಕಂತಿಗೆ 6,000 ಆಗುತ್ತದೆ, ಸುಗ್ಗಿ ಖರೀದಿಗೆ ಅದು ಒಳ್ಳೆಯ ಗಂಟು. ಕಂತು ಕೆಲವೊಮ್ಮೆ ತಡವಾಗಿ, ಎರಡು ತಿಂಗಳದ್ದು ಕೂಡಿ ಬರುತ್ತದೆ. ಹಾಗೆ ಬಂದಾಗ ಬೋನಸ್ ಬಂತು ಅಂತ ಸೀರೆ ಅಂಗಡಿಗೆ ಹೋಗಬೇಡಿ, ಎರಡು ತಿಂಗಳ ಪಾಲನ್ನೂ ತೆಗೆದಿಡಿ. ಇನ್ನೂ ಒಂದು ದಾರಿ ಇದೆ. ಸಂಘದ ಐದಾರು ಹೆಣ್ಣುಮಕ್ಕಳು ಸೇರಿ ಒಂದೆರಡು ಕ್ವಿಂಟಲ್ ಬೇಳೆಯನ್ನು ನೇರವಾಗಿ ಮಿಲ್‌ನಿಂದ ತಂದು ಹಂಚಿಕೊಳ್ಳಿ. ಹಳ್ಳಿಯಿಂದ ಬರುವವರಿಗೆ ಶಕ್ತಿ ಬಸ್ ಇದೆ, ಹೋಗಿ ಬರುವ ಖರ್ಚಿಲ್ಲ. ಮಿಲ್‌ಗೆ ಹೋದಾಗ ಪಾಲಿಶ್ ಮಾಡದ ಬೇಳೆ ಕೇಳಿ. ಮಿಂಚುವ ಬೇಳೆಗೆ ಕೊಡುವ ಹೆಚ್ಚಿನ ರೊಕ್ಕ ಬರೀ ಮಿಂಚಿಗೆ. ದಿನದ ಸಾರಿಗೆ ಒಡಕಲು ಬೇಳೆ ಸಾಕು, ಬೇಗ ಬೇಯುತ್ತದೆ, ರೇಟೂ ಕಡಿಮೆ.

ತಂದ ಬೇಳೆ ಹುಳ ಹಿಡಿದರೆ ಎಲ್ಲ ದಂಡ. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಾಳಿಗೆಯ ಮೇಲೆ ಹಳೆ ಧೋತರ ಹಾಸಿ ಬೇಳೆಯನ್ನು ತೆಳ್ಳಗೆ ಹರವಿ. ಮಾರ್ಚ್ ಬಿಸಿಲಿಗೆ ಎರಡು ದಿನ ಸಾಕು. ನಡುನಡುವೆ ಕೈಯಾಡಿಸಿ. ಒಂದು ಕಾಳು ಹಲ್ಲಿಗೆ ಹಾಕಿ ಕಡಿಯಿರಿ, ಕಟ್ ಅಂತ ಎರಡಾಗಬೇಕು. ಮೆತ್ತಗೆ ಸಿಕ್ಕಿಕೊಂಡರೆ ಇನ್ನೊಂದು ದಿನ ಬಿಸಿಲು ಬೇಕು. ಬಿಸಿಲಿನಿಂದ ತಂದ ಕೂಡಲೇ ಡಬ್ಬಿಗೆ ತುಂಬಬೇಡಿ. ಬಿಸಿ ಬೇಳೆ ಒಳಗೆ ಬೆವರುತ್ತದೆ, ಆ ಪಸೆಗೇ ಹುಳ ಬರುವುದು. ರಾತ್ರಿಯಿಡೀ ನೆರಳಲ್ಲಿ ಆರಲು ಬಿಡಿ. ಬೆಳಿಗ್ಗೆ ಕೆಜಿಗೆ ಒಂದು ಸಣ್ಣ ಚಮಚ ಔಡಲ ಎಣ್ಣೆ (ಹರಳೆಣ್ಣೆ) ಅಂಗೈಗೆ ಹಾಕಿಕೊಂಡು, ಬೇಳೆಯನ್ನು ಎರಡೂ ಕೈಯಲ್ಲಿ ಉಜ್ಜಿ ಉಜ್ಜಿ ಕಲಸಿ. ಕಾಳು ಸ್ವಲ್ಪ ಹೊಳೆಯಬೇಕು, ಕೈಗೆ ಜಿಡ್ಡು ಹತ್ತಬಾರದು. ಡಬ್ಬಿಯ ತಳಕ್ಕೆ ಚೆನ್ನಾಗಿ ಒಣಗಿದ ಬೇವಿನ ಎಲೆ, ಮೇಲೆ ನಾಲ್ಕು ಒಣಮೆಣಸಿನಕಾಯಿ. ಒಂದೇ ದೊಡ್ಡ ಡಬ್ಬಿಗಿಂತ ಐದೈದು ಕೆಜಿಯ ಡಬ್ಬಿಗಳು ಒಳ್ಳೆಯದು, ಯಾಕಂದರೆ ದಿನಾ ಮುಚ್ಚಳ ತೆಗೆಯುವುದು ಒಂದನ್ನು ಮಾತ್ರ. ಮಳೆಗಾಲಕ್ಕೆ ಮೊದಲು ಮತ್ತೊಮ್ಮೆ ಬಿಸಿಲು ತೋರಿಸಿ.

ಜೋಳವನ್ನು ಕಾಳಿನಲ್ಲೇ ಇಡಿ, ಹಿಟ್ಟು ಮಾಡಿ ಇಡಬೇಡಿ. ಹದಿನೈದು ದಿನಕ್ಕೆ ಆಗುವಷ್ಟು ಮಾತ್ರ ಗಿರಣಿಗೆ ಹಾಕಿಸಿ. ಹಳೆ ಹಿಟ್ಟಿಗೆ ಜಿಗುಟು ಇರುವುದಿಲ್ಲ, ಬಡಿಯುವಾಗ ರೊಟ್ಟಿ ಹರಿಯುತ್ತದೆ, ಕಹಿಯೂ ಬರುತ್ತದೆ. ವಾರಕ್ಕೊಮ್ಮೆ ಕಟಕ ರೊಟ್ಟಿ ಮಾಡಿ ಬುಟ್ಟಿಯಲ್ಲಿ ಇಟ್ಟುಕೊಂಡರೆ ದಿನಾ ತವೆ ಕಾಯಿಸುವ ಗ್ಯಾಸ್ ಉಳಿಯುತ್ತದೆ. ಬೇಳೆಯನ್ನು ಅರ್ಧ ಗಂಟೆ ನೆನೆಸಿ ಕುಕ್ಕರಿಗೆ ಇಡಿ, ಎರಡು ಸೀಟಿ ಕಡಿಮೆಯಾಗುತ್ತದೆ.

ಟೊಮೆಟೊ 2023ರ ಜುಲೈನಲ್ಲಿ ಕೆಜಿಗೆ 100 ದಾಟಿದಾಗ ಎಷ್ಟು ಗೋಳಾಡಿದರು ಜನ! ನಮ್ಮ ಅಡುಗೆಗೆ ಹುಳಿ ಬರುವುದು ಹುಣಸೆಹಣ್ಣಿನಿಂದ, ಪುಂಡಿಪಲ್ಯದಿಂದ. ರೇಟು ಏರಿದ ವಾರ ಟೊಮೆಟೊ ಬಿಟ್ಟುಬಿಡಿ, ಪುಂಡಿಪಲ್ಯಕ್ಕೆ ಒಂದು ಹಿಡಿ ತೊಗರಿ ಬೇಳೆ, ಜೋಳದ ನುಚ್ಚು ಹಾಕಿ ಬೇಯಿಸಿ ಬಳ್ಳೊಳ್ಳಿ ಒಗ್ಗರಣೆ ಕೊಡಿ. ಶೇಂಗಾ ಹಿಂಡಿ, ಅಗಸಿ ಹಿಂಡಿ ಡಬ್ಬಿಯಲ್ಲಿದ್ದರೆ ಕಾಯಿಪಲ್ಯ ಇಲ್ಲದ ದಿನವೂ ಮಕ್ಕಳು ಹೊಟ್ಟೆ ತುಂಬ ಉಣ್ಣುತ್ತಾರೆ.

ಎಣ್ಣೆ ಪ್ಯಾಕೆಟ್ ತಗೊಳ್ಳುವಾಗ ಮುಂದೆ ದೊಡ್ಡದಾಗಿ ಬರೆದ ಬೆಲೆ ನೋಡಿ ಮೋಸ ಹೋಗಬೇಡಿ. ಲೀಟರಿನದೇ ಅನ್ನಿಸುವ ಪ್ಯಾಕೆಟ್‌ನಲ್ಲಿ 800, 850 ಎಂಎಲ್ ಇರುತ್ತದೆ. ಎಂಆರ್‌ಪಿ ಹತ್ತಿರವೇ ಸಣ್ಣ ಅಕ್ಷರದಲ್ಲಿ ಒಂದು ಗ್ರಾಂಗೆ ಅಥವಾ ಒಂದು ಎಂಎಲ್‌ಗೆ ಎಷ್ಟು ಅಂತ ಇರುತ್ತದೆ, ಹೋಲಿಸಬೇಕಾದ್ದು ಅದನ್ನು. ಸೋಪು, ಟೂತ್‌ಪೇಸ್ಟ್, ಶಾಂಪೂ, ತಲೆಗೆ ಹಚ್ಚುವ ಎಣ್ಣೆ ಇವುಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 18ರಿಂದ 5ಕ್ಕೆ ಇಳಿದಿದೆ. ಎಂಆರ್‌ಪಿಗಿಂತ ಜಾಸ್ತಿ ಕೇಳಿದರೆ ಬಿಲ್ ಇಸ್ಕೊಂಡು 1915ಕ್ಕೆ ಫೋನ್ ಮಾಡಿ, ಅದು ಗ್ರಾಹಕರ ಸಹಾಯವಾಣಿ.

ಬೇಸಿಗೆಯಲ್ಲಿ ಕರೆಂಟಿನ ಮೇಲೆ ಒಂದು ಕಣ್ಣಿರಲಿ. ಗೃಹಜ್ಯೋತಿ ಅಂದರೆ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಅಂತಲ್ಲ. ನಿಮ್ಮ ಮನೆಯ ಸರಾಸರಿ ಬಳಕೆಯ ಮೇಲೆ ಒಂದಿಷ್ಟು ಸೇರಿಸಿ ಮಿತಿ ಹಾಕಿರುತ್ತಾರೆ. ಅದು ದಾಟಿದರೆ ದಾಟಿದಷ್ಟಕ್ಕೆ ಬಿಲ್ಲು, 200 ದಾಟಿದರೆ ಪೂರ್ತಿ ಬಿಲ್ಲು. ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಕೂಲರ್ ಇಲ್ಲದೆ ಮುದುಕರು, ಕೂಸುಗಳು ಇರಲಾಗುವುದಿಲ್ಲ, ಅದನ್ನು ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ. ಆದರೆ ಸಾಮಾನ್ಯ ಕೂಲರ್ ಹನ್ನೆರಡು ತಾಸು ಓಡಿದರೆ ಸುಮಾರು ಎರಡು ಯೂನಿಟ್, ತಿಂಗಳಿಗೆ 60. ಹಾಗಾಗಿ ಆ ಎರಡು ತಿಂಗಳು ನೀರು ಕಾಯಿಸುವ ಗೀಸರ್ ಸ್ವಿಚ್ಚೇ ಹಾಕಬೇಡಿ, ಮನೆಯವರೆಲ್ಲ ಒಂದೇ ಕೋಣೆಯಲ್ಲಿ ಮಲಗಿ, ವಾರಕ್ಕೊಮ್ಮೆ ಮೀಟರ್ ನೋಡಿ ಬರೆದಿಡಿ. ತಿಂಗಳ ಬಳಕೆ 180 ಯೂನಿಟ್‌ಗೆ ಬಂದಾಗಲೇ ಎಚ್ಚರಾಗಬೇಕು.

ಕಾಯಿಲೆಯ ಬಗ್ಗೆ ಒಂದೇ ಮಾತು. ವರ್ಷವಿಡೀ ಕೂಡಿಟ್ಟದ್ದನ್ನು ಒಂದು ಆಸ್ಪತ್ರೆ ಬಿಲ್ಲು ನುಂಗಿಬಿಡುತ್ತದೆ. ಬಿಪಿಎಲ್ ಕಾರ್ಡಿದ್ದವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡನ್ನು ಆರಾಮಿರುವಾಗಲೇ ಮಾಡಿಸಿಟ್ಟುಕೊಳ್ಳಿ, ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಬಿಪಿ, ಶುಗರ್ ಗುಳಿಗೆ ಜನೌಷಧಿ ಅಂಗಡಿಯಲ್ಲಿ ತಗೊಳ್ಳಿ.

ಇಷ್ಟೆಲ್ಲ ಮಾಡಿದ ಮೇಲೂ ಸಾಲದೇ ಹೋದರೆ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಉಳಿಸುವುದಕ್ಕೂ ಒಂದು ತಳ ಇರುತ್ತದೆ. ಹೆಣ್ಣುಮಕ್ಕಳು ತಾವು ಒಂದು ರೊಟ್ಟಿ ಕಡಿಮೆ ತಿಂದು ಲೆಕ್ಕ ಸರಿಮಾಡುವುದನ್ನು ನಾನು ಬಹಳ ನೋಡಿದ್ದೇನೆ, ಅದು ಉಳಿತಾಯ ಅಲ್ಲ. ಬೆಲೆ ಹಿಡಿಯುವುದು ಸರ್ಕಾರದ ಕೆಲಸ, ಅದನ್ನು ಅಡುಗೆಮನೆಯ ಮೇಲೆ ಹೊರಿಸಬಾರದು. ಬಸ್ಸು ನಮಗೆ ಪುಕ್ಕಟೆ ಆಯಿತು, ಒಳ್ಳೆಯದಾಯಿತು. ಆದರೆ 2025ರ ಜನವರಿಯಲ್ಲಿ ಟಿಕೆಟ್ ದರ ಶೇಕಡಾ 15 ಏರಿತು, ಅದನ್ನು ಕೊಡುವವರು ನಮ್ಮ ಮನೆಯ ಗಂಡಸರೇ ಅಲ್ವಾ? ಅದೇ ವರ್ಷ ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು, ಡೀಸೆಲ್ ಮೇಲೆ ರಾಜ್ಯದ ತೆರಿಗೆ ಏರಿತು, ಕೇಂದ್ರದವರು ಗ್ಯಾಸ್ ಸಿಲಿಂಡರ್‌ಗೆ 50 ರೂಪಾಯಿ ಏರಿಸಿದರು. ಎಲ್ಲ ಒಂದೇ ತಿಂಗಳಲ್ಲಿ. ಯಾವ ಪಕ್ಷ ಅಂತ ನಾನು ನೋಡುವುದಿಲ್ಲ, ಎರಡೂ ಕಡೆಯವರು ಉತ್ತರ ಕೊಡಬೇಕು.

ತೊಗರಿಯ ವಿಷಯದಲ್ಲಂತೂ ನನಗೆ ಬಹಳ ಸಂಕಟ. 2023ರಲ್ಲಿ ತೊಗರಿ ಕ್ವಿಂಟಲ್‌ಗೆ 10,000 ದಾಟಿತು, ಕೊಳ್ಳುವವರ ಕಣ್ಣಲ್ಲಿ ನೀರು. ಕೇಂದ್ರ ಸರ್ಕಾರ ಅದೇ ವರ್ಷ ದಾಸ್ತಾನಿಗೆ ಮಿತಿ ಹಾಕಿತು, ಸುಂಕವಿಲ್ಲದೆ ಹೊರದೇಶದ ತೊಗರಿ ಬರಲು ಬಿಟ್ಟಿತು. 2025ರ ಸುಗ್ಗಿಗೆ ರೇಟು 7,550ರ ಬೆಂಬಲ ಬೆಲೆಗಿಂತ ಕೆಳಗೆ ಬಿತ್ತು, ಆಗ ಬೆಳೆದವರ ಕಣ್ಣಲ್ಲಿ ನೀರು. ನಮ್ಮ ಜಿಲ್ಲೆಯಲ್ಲಿ ಬೆಳೆಯುವವರೂ ಕೊಳ್ಳುವವರೂ ಒಂದೇ ಮನೆಯವರು. ಅಣ್ಣ ಸೇಡಂನಲ್ಲಿ ಹೊಲ ಮಾಡುತ್ತಾನೆ, ತಂಗಿ ಪಟ್ಟಣದಲ್ಲಿ ಬೇಳೆ ಕೊಳ್ಳುತ್ತಾಳೆ. ಅದಕ್ಕೆ ಸರ್ಕಾರವೂ ನಾನು ಮೇಲೆ ಹೇಳಿದ ಹಾಗೆಯೇ ಮಾಡಲಿ. ಸುಗ್ಗಿಯಲ್ಲಿ ರೈತರಿಂದ ಬೆಂಬಲ ಬೆಲೆಗೆ ಕೊಂಡು, ಇಲ್ಲಿನ ಮಿಲ್‌ಗಳಲ್ಲೇ ಬೇಳೆ ಮಾಡಿಸಿ, ಶ್ರಾವಣಕ್ಕೆ ರೇಷನ್ ಅಂಗಡಿಯಲ್ಲಿ ಕೊಡಲಿ. ಅನ್ನಭಾಗ್ಯದ ಹೆಚ್ಚುವರಿ ಐದು ಕೆಜಿ ಅಕ್ಕಿಯ ಬದಲು ತೊಗರಿ ಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಕಿಟ್ ಕೊಡಲು ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿತು. ಒಳ್ಳೆಯ ತೀರ್ಮಾನ. ಆ ಬೇಳೆ ನಮ್ಮ ಹೊಲದ್ದೇ ಆಗಿರಬೇಕು ಅಂತ ನಾವು ಕೇಳಬೇಕು.

ಸುಮ್ನೆ ಕಟ್ಟೆ ಮೇಲೆ ಕೂತು ಬೈದರೆ ಯಾರಿಗೂ ಕೇಳಿಸುವುದಿಲ್ಲ. ಹಳೆ ನೋಟ್‌ಬುಕ್ಕಿನಲ್ಲಿ ಪ್ರತಿ ತಿಂಗಳ ಮೊದಲ ವಾರ ಬೇಳೆ, ಎಣ್ಣೆ, ಜೋಳ, ಹಾಲು, ಗ್ಯಾಸ್ ಇವುಗಳ ರೇಟು ಬರೆದಿಡಿ. ಗ್ರಾಮಸಭೆಗೆ ಹೋಗುವಾಗ ಅದನ್ನು ಕೈಯಲ್ಲಿ ಹಿಡಿದುಕೊಂಡು ಹತ್ತು ಜನ ಕೂಡಿ ಹೋಗಿ, ಓದಿ ಹೇಳಿ. ಜೋಳ ಉಣ್ಣುವ ಜನಕ್ಕೆ ಬರೀ ಅಕ್ಕಿ ಯಾಕೆ, ಅರ್ಧದಷ್ಟಾದರೂ ಬಿಳಿ ಜೋಳ ಕೊಡಿ ಅಂತ ಠರಾವು ಬರೆಸಿ, ಅದರ ಪ್ರತಿ ಇಸ್ಕೊಂಡೇ ಮನೆಗೆ ಬನ್ನಿ.