ಎಂಟೂಕಾಲಿಗೆ ಮನೆ ಬಿಡುವವನ ಬೆಳಗಿನ ಓಟ

ಬೆಳಿಗ್ಗೆ ಓಡುತ್ತೇನೆ ಅಂದ ಕೂಡಲೇ ಎಲ್ಲರೂ ಕೇಳುವುದು, ‘ಎಷ್ಟು ಗಂಟೆಗೆ ಏಳ್ತೀರಿ?’ ಅಂತ. ಎಷ್ಟು ಗಂಟೆಗೆ ಮಲಗುತ್ತೀರಿ ಎಂದು ಯಾರೂ ಕೇಳುವುದಿಲ್ಲ. ನನಗೆ ಕಷ್ಟವಾಗಿದ್ದು ಅದೇ. ಐದು ನಲವತ್ತಕ್ಕೆ ಏಳುವುದು ಹೇಗೋ ಆಗುತ್ತದೆ. ಹತ್ತೂವರೆಗೆ ದೀಪ ಆರಿಸುವುದಿದೆಯಲ್ಲ, ಅದಕ್ಕೆ ಮನೆಯವರು ಒಪ್ಪಬೇಕು, ಆಫೀಸಿನವರು ಒಪ್ಪಬೇಕು, ಕೈಯಲ್ಲಿರುವ ಮೊಬೈಲೂ ಒಪ್ಪಬೇಕು.

ದೊಡ್ಡವರಿಗೆ ಕನಿಷ್ಠ 7 ಗಂಟೆ ನಿದ್ದೆ ಬೇಕು. ಅದಕ್ಕೆ ಕೈ ಹಾಕದೆ ಓಟಕ್ಕೆ ಜಾಗ ಮಾಡಬೇಕು ಅಂತ ಮೊದಲೇ ತೀರ್ಮಾನಿಸಿದ್ದೆ. ಹಾಗಾಗಿ ಲೆಕ್ಕವನ್ನು ಹಿಂದಿನಿಂದ ಹಾಕಿದೆ. ಎಂಟೂಕಾಲಿಗೆ ಮನೆ ಬಿಡಬೇಕು. ಸ್ನಾನ, ತಿಂಡಿ, ಮಕ್ಕಳನ್ನು ಹೊರಡಿಸುವುದು ಎಲ್ಲ ಸೇರಿ ಒಂದೂಕಾಲು ಗಂಟೆ. ಅದಕ್ಕೂ ಮುಂಚೆ ಬೆವರು ಆರಲು ಇಪ್ಪತ್ತು ನಿಮಿಷ. ಅಂದರೆ ಆರು ನಲವತ್ತಕ್ಕೆ ವಾಪಸ್ ಬಂದಿರಬೇಕು. ಓಟಕ್ಕೆ ಅರ್ಧ ಗಂಟೆ, ಅದಕ್ಕೆ ಮೊದಲು ನೀರು ಕುಡಿದು ಶೌಚ ಮುಗಿಸಿ ಮೈ ಸಡಿಲ ಮಾಡಲು ಇನ್ನರ್ಧ ಗಂಟೆ. ಹೀಗೆ ಬಂದಿದ್ದು ಆ ಐದು ನಲವತ್ತು. ಶೌಚದ ವಿಷಯ ಯಾರೂ ಬರೆಯುವುದಿಲ್ಲ. ಆದರೆ ಅದಕ್ಕೆ ಸಮಯ ಬಿಡದೆ ಹೊರಟವರಿಗೆ ಅರ್ಧ ದಾರಿಯಲ್ಲಿ ಅದರ ಬೆಲೆ ಗೊತ್ತಾಗುತ್ತದೆ.

ಬೆವರು ಆರುವ ಇಪ್ಪತ್ತು ನಿಮಿಷವನ್ನು ಮಾತ್ರ ಕಡಿಮೆ ಮಾಡಬೇಡಿ. ಓಡಿ ಬಂದವರೇ ಸ್ನಾನಕ್ಕೆ ನುಗ್ಗಿದರೆ, ಒಳಗಿನ ಶಾಖ ಇನ್ನೂ ಇಳಿದಿರುವುದಿಲ್ಲ. ಮೈ ಒರೆಸಿಕೊಂಡ ಮೇಲೂ ಬೆವರು ಬರುತ್ತಲೇ ಇರುತ್ತದೆ. ಇಸ್ತ್ರಿ ಮಾಡಿದ ಅಂಗಿಯ ಬೆನ್ನು ಆಫೀಸಿಗೆ ಹೋಗುವ ಮೊದಲೇ ಒದ್ದೆ. ಹಾಗಂತ ಸುಮ್ನೆ ಕೂರಬೇಕಿಲ್ಲ. ಫ್ಯಾನಿನ ಕೆಳಗೆ ನಿಂತು ಕಾಲಿನ ಮೀನಖಂಡ ಎಳೆದು ಸಡಿಲಿಸುತ್ತೇನೆ, ಲ್ಯಾಪ್‌ಟಾಪ್ ಬ್ಯಾಗ್ ಜೋಡಿಸುತ್ತೇನೆ. ಹೇಗೂ ಮಾಡಲೇಬೇಕಿದ್ದ ಕೆಲಸಗಳು ಇಲ್ಲಿಗೆ ಬಂದವು, ಅಷ್ಟೇ.

ದಿನಾ ಓಡುವುದಿಲ್ಲ. ವಾರಕ್ಕೆ ಮೂರು ಸಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ವ್ಯಾಯಾಮ, ಇಲ್ಲವೇ 75ರಿಂದ 150 ನಿಮಿಷ ಬಿರುಸಿನ ವ್ಯಾಯಾಮ ಎಂದಿದೆ. ಓಟವನ್ನು ಸಾಮಾನ್ಯವಾಗಿ ಬಿರುಸಿನ ಲೆಕ್ಕಕ್ಕೇ ಸೇರಿಸುತ್ತಾರೆ. ಅರ್ಧ ಗಂಟೆಯಂತೆ ಮೂರು ಸಲ ಓಡಿದರೆ ಕೆಳಗಿನ ಮಿತಿ ದಾಟಿದ ಹಾಗಾಯಿತು. ಸ್ನಾಯು ಗಟ್ಟಿ ಮಾಡುವ ವ್ಯಾಯಾಮವೂ ವಾರಕ್ಕೆ ಎರಡು ದಿನ ಬೇಕು ಅಂತ ಅದರಲ್ಲೇ ಇದೆ. ಒಂದು ದಿನದ್ದು ಮಾಡುತ್ತೇನೆ, ಇನ್ನೊಂದು ಸದ್ಯಕ್ಕೆ ಬಾಕಿ.

ಯಾವ ಮೂರು ದಿನ ಎನ್ನುವುದು ಭಾನುವಾರ ರಾತ್ರಿ ಆಫೀಸಿನ ಕ್ಯಾಲೆಂಡರ್ ನೋಡಿದ ಮೇಲೆ. ಬೇರೆ ದೇಶದವರ ಜೊತೆ ರಾತ್ರಿ ಹತ್ತರ ಕಾಲ್ ಇದ್ದರೆ ಮರುದಿನ ಓಟ ಇಲ್ಲ. ಇದರಲ್ಲಿ ಚೌಕಾಸಿ ಇಲ್ಲ. ಐದು ಗಂಟೆ ಮಲಗಿ ಓಡಿದ ದಿನ ಮಧ್ಯಾಹ್ನದ ಮೀಟಿಂಗ್‌ನಲ್ಲಿ ಕಣ್ಣು ಎಳೆಯುತ್ತದೆ, ಅಂಥ ಓಟ ಯಾರಿಗೆ ಬೇಕು? ಸಂಜೆಯ ಕಾಫಿಯನ್ನೂ ಇದೇ ಕಾರಣಕ್ಕೆ ಬಿಟ್ಟೆ. ಕುಡಿದ ಕೆಫೀನ್ ಅರ್ಧಕ್ಕೆ ಇಳಿಯಲು ಸರಾಸರಿ 5 ಗಂಟೆ ಹಿಡಿಯುತ್ತದೆ. ಐದೂವರೆಗೆ ಕುಡಿದ ಕಾಫಿಯ ಅರ್ಧ ಪಾಲು ನಾನು ದೀಪ ಆರಿಸುವಾಗಲೂ ಮೈಯಲ್ಲಿ ಎಚ್ಚರವಾಗಿಯೇ ಇರುತ್ತದೆ.

ಎದ್ದ ಮೇಲೆ ಮೊದಲ ಹದಿನೈದು ಇಪ್ಪತ್ತು ನಿಮಿಷ ತಲೆ ಮಂಕು. ಆ ಹೊತ್ತಿನಲ್ಲಿ ‘ಹೋಗಲಾ ಬೇಡ್ವಾ’ ಅಂತ ಕೇಳಿಕೊಂಡರೆ ಉತ್ತರ ಏನು ಬರುತ್ತದೆ ಅಂತ ನಿಮಗೂ ಗೊತ್ತು. ಅದಕ್ಕೇ ಎಲ್ಲ ಹಿಂದಿನ ರಾತ್ರಿಯೇ ಆಗಿರುತ್ತದೆ. ಬಟ್ಟೆ, ಸಾಕ್ಸ್, ಬೆಳಕು ಬಿದ್ದರೆ ಹೊಳೆಯುವ ಪಟ್ಟಿಯ ಜಾಕೆಟ್ ಎಲ್ಲ ಮಲಗುವ ಕೋಣೆಯ ಹೊರಗೆ, ಕುರ್ಚಿಯ ಮೇಲೆ. ಅಲಾರಂ ಕೈಗಡಿಯಾರದ್ದು, ಮಣಿಕಟ್ಟಿನಲ್ಲಷ್ಟೇ ನಡುಗುತ್ತದೆ. ಮನೆಯವರ ನಿದ್ದೆ ಕೆಡಿಸಿ ಓಡುವ ಅಭ್ಯಾಸ ಯಾವ ಮನೆಯಲ್ಲೂ ಬಹಳ ದಿನ ಬಾಳುವುದಿಲ್ಲ. ಬೀಗದ ಕೈ ಗೊಂಚಲಿಂದ ಮುಂಬಾಗಿಲಿನದ್ದು ಒಂದನ್ನೇ ಬಿಡಿಸಿ, ಬಲಗಾಲಿನ ಶೂ ಲೇಸಿಗೆ ಪೋಣಿಸಿ, ಮೇಲೆ ಎರಡು ಗಂಟು. ಜೇಬಿನಲ್ಲಿ ಜಣಜಣ ಅನ್ನುವುದಿಲ್ಲ, ಬೀಳುವುದೂ ಇಲ್ಲ.

ಆ ಹೊತ್ತಿಗೆ ಮೈ ಬಿಗಿದಿರುತ್ತದೆ, ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಂತೂ ಜಾಸ್ತಿ. ಮೊದಲ ಐದು ನಿಮಿಷ ಚುರುಕು ನಡಿಗೆ, ಆಮೇಲೆ ಐದು ನಿಮಿಷ ನೋಡಿದವರು ನಗುವಷ್ಟು ನಿಧಾನದ ಓಟ. ಕತ್ತಲಿದ್ದರೆ ಇಯರ್‌ಫೋನ್ ಇಲ್ಲ. ಫುಟ್‌ಪಾತ್ ಇಲ್ಲದ ಕಡೆ ವಾಹನಗಳು ಎದುರಿನಿಂದ ಬರುವ ಬದಿಯಲ್ಲೇ ಓಡುತ್ತೇನೆ.

21 ದಿನ ಮಾಡಿದರೆ ಅಭ್ಯಾಸ ಆಗಿಬಿಡುತ್ತದೆ ಅನ್ನುವ ಮಾತನ್ನು ನಂಬಿ ಕಾಯಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ಅಭ್ಯಾಸ ತಾನಾಗೇ ಆಗುವಷ್ಟು ಕೂರಲು ಸರಾಸರಿ 66 ದಿನ ಬೇಕಾಗಿತ್ತು. ಕೆಲವರಿಗೆ 18 ಸಾಕು, ಕೆಲವರಿಗೆ 254ರವರೆಗೂ ಹೋಗುವ ಲೆಕ್ಕ. ನನಗೆ ಸಮಾಧಾನ ಕೊಟ್ಟಿದ್ದು ಅದರಲ್ಲಿನ ಇನ್ನೊಂದು ಮಾತು: ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಪೆಟ್ಟೇನೂ ಬೀಳುವುದಿಲ್ಲ.

ತಿಂಗಳ ಕೊನೆಯ ವಾರ ನಮ್ಮ ಆಫೀಸಿನಲ್ಲಿ ಲೆಕ್ಕ ಮುಗಿಸುವ ಗಡಿಬಿಡಿ. ಆಗ ಮೂರು ಓಟ ಎರಡಾಗುತ್ತದೆ, ಅರ್ಧ ಗಂಟೆ ಹದಿನೈದು ನಿಮಿಷ ಆಗುತ್ತದೆ. ತಪ್ಪಿದ್ದನ್ನು ಸಂಜೆ ಓಡಿ ತೀರಿಸಲು ಹೋಗುವುದಿಲ್ಲ. ರಾತ್ರಿ ಎಂಟರ ಮೇಲೆ ಜೋರಾಗಿ ಓಡಿದರೆ ನನಗೆ ನಿದ್ದೆ ಹತ್ತುವುದು ತಡ, ಮರುದಿನದ ಬೆಳಗೂ ಕೈತಪ್ಪುತ್ತದೆ. ಆ ವಾರ ಊಟ ಆದ ಮೇಲೆ ಒಂದಿಷ್ಟು ದೂರ ನಡೆದು ಬರುತ್ತೇನೆ, ಅಷ್ಟೇ.