ಚಳಿಗಾಲದ ನೆಗಡಿ: ಮೊದಲು ಟವೆಲ್ ಬೇರೆ ಮಾಡಿ

ಬೀದರ್‌ನಲ್ಲಿ ಬೆಳಗಿನ ಚಳಿ ಜೋರಾಗಿದೆ. ಮನೆಯಲ್ಲಿ ಒಬ್ಬರಿಗೆ ನೆಗಡಿ ಬಂದರೆ ವಾರದೊಳಗೆ ಎಲ್ಲರೂ ಸೀನುತ್ತಿರುತ್ತಾರೆ, ಅಲ್ವಾ?

ಮೊದಲು ಕೈ ಒರೆಸುವ ಟವೆಲ್ ನೋಡಿ. ಬಚ್ಚಲಿನ ಬಾಗಿಲಿಗೆ ತೂಗುವ ಒಂದೇ ಟವೆಲ್ಲಿಗೆ ಮನೆಮಂದಿಯೆಲ್ಲ ಕೈ, ಮುಖ, ಮೂಗು ಒರೆಸುತ್ತೇವೆ. ಅದು ದಿನವಿಡೀ ಒದ್ದೆಯಾಗಿಯೇ ಇರುತ್ತದೆ. ನೆಗಡಿ ಆದವರಿಗೆ ಟವೆಲ್, ನೀರಿನ ಲೋಟ ಎರಡೂ ಬೇರೆ ಇಡಿ. ಸುಮ್ನೆ ಕೈಗೆ ನೀರು ಹಾಕಿಕೊಂಡರೆ ಸಾಲದು. ಸೋಪು ಹಚ್ಚಿ ಬೆರಳ ಸಂದಿ, ಉಗುರಿನ ತುದಿ ಸೇರಿ 20 ಸೆಕೆಂಡ್ ಉಜ್ಜಿ. ರೊಟ್ಟಿ ಬಡಿಯುವ ಮುಂಚೆ, ಬಸ್ಸಿಳಿದು ಮನೆಗೆ ಬಂದ ಮೇಲೆ ಇದು ಬೇಕೇ ಬೇಕು.

ಫ್ಲೂ ವೈರಸ್ ಸ್ಟೀಲು, ಪ್ಲಾಸ್ಟಿಕ್ ಮೇಲೆ 24ರಿಂದ 48 ಗಂಟೆವರೆಗೂ ಉಳಿಯಬಲ್ಲದು. ಹಾಗಾಗಿ ಮೊಬೈಲ್, ಬಾಗಿಲ ಚಿಲಕ ಒರೆಸುತ್ತಿರಿ. ಚಳಿ ಅಂತ ಕಿಟಕಿ ಮುಚ್ಚಿಯೇ ಇಡಬೇಡಿ, ಮಧ್ಯಾಹ್ನವಾದರೂ ತೆರೆಯಿರಿ.

ಜ್ವರ ಬಂದ ಮಗುವನ್ನು ಪರೀಕ್ಷೆ ಇದೆ ಅಂತ ಶಾಲೆಗೆ ಕಳಿಸಬೇಡಿ. ಮಾತ್ರೆ ಇಲ್ಲದೆ ಜ್ವರ ಇಳಿದು 24 ಗಂಟೆ ಆಗಲಿ.

ದಯವಿಟ್ಟು ಮೆಡಿಕಲ್‌ನಲ್ಲಿ ನೀವೇ ಆಂಟಿಬಯೋಟಿಕ್ ಕೇಳಿ ತರಬೇಡಿ. ಅದು ವೈರಸ್ ಮೇಲೆ ಕೆಲಸ ಮಾಡುವುದಿಲ್ಲ. ವಯಸ್ಸಾದವರು, ಗರ್ಭಿಣಿಯರು, ಸಕ್ಕರೆ ಕಾಯಿಲೆ ಇರುವವರಿಗೆ ಜ್ವರ ಬಂದರೆ ತಡ ಮಾಡದೆ ಡಾಕ್ಟರ್‌ಗೆ ತೋರಿಸಿ. ಉಸಿರಾಡಲು ಕಷ್ಟವಾದರೆ ಯಾರೇ ಆಗಲಿ, ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.