ಎ, ಬಿ ಜಾಗಕ್ಕೆ ಅಂಕಿ ಹಾಕಿ ನೋಡಿ

ಸಿಇಟಿ ಗಣಿತದಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ. ಒಂದಕ್ಕೆ ಸಿಗುವುದು 80 ಸೆಕೆಂಡು ಮಾತ್ರ. ಅಂಥ ಹೊತ್ತಲ್ಲಿ ಬೀಜಗಣಿತದ ಸೂತ್ರ ಮರೆತರೆ ಕೈಕಾಲೇ ಆಡುವುದಿಲ್ಲ, ಅಲ್ವಾ? ಆಗ ಅಕ್ಷರಗಳ ಜಾಗಕ್ಕೆ ಅಂಕಿ ಹಾಕಿ. ಸರಿಯುತ್ತರ ಯಾವ ಅಂಕಿ ಹಾಕಿದರೂ ಪ್ರಶ್ನೆಗೆ ತಾಳೆಯಾಗಲೇಬೇಕು.

ಪ್ರಶ್ನೆ ಹೀಗಿದೆ ಎನ್ನಿ: (ಎ + ಬಿ)² − (ಎ − ಬಿ)² ಎಷ್ಟು? ಆಯ್ಕೆಗಳು: 0, 2ಎಬಿ, 4ಎಬಿ, 2ಎ² + 2ಬಿ².

ಮೊದಲು ಅಂಕಿ ಆರಿಸಿಕೊಳ್ಳಿ. ಎ = 3, ಬಿ = 2 ಇರಲಿ. ಪ್ರಶ್ನೆಯ ಬೆಲೆ 25 − 1, ಅಂದರೆ 24. ಇದನ್ನು ರಫ್ ಹಾಳೆಯಲ್ಲಿ ಬರೆದು ಸುತ್ತ ಗೆರೆ ಎಳೆಯಿರಿ. ಈಗ ಅದೇ ಅಂಕಿಗಳನ್ನು ಆಯ್ಕೆಗಳಿಗೆ ಹಾಕಿ. ಸಾಲಾಗಿ 0, 12, 24, 26 ಬರುತ್ತವೆ. ಉತ್ತರ 4ಎಬಿ. ಆದರೆ 24 ಸಿಕ್ಕ ಕೂಡಲೇ ನಿಲ್ಲಿಸಬೇಡಿ, ನಾಲ್ಕನ್ನೂ ನೋಡಿ.

ಯಾಕೆ ಅಂದರೆ, ಸುಲಭ ಅಂತ ಸುಮ್ನೆ ಎರಡಕ್ಕೂ 1 ಹಾಕಿ ನೋಡಿ. ಪ್ರಶ್ನೆಯ ಬೆಲೆ 4. ಮೂರನೇ ಆಯ್ಕೆಯೂ 4, ನಾಲ್ಕನೆಯದೂ 4! ಎಡವುವ ಜಾಗ ಇದೇ. 1ರ ವರ್ಗವೂ 1, ಘನವೂ 1. ವ್ಯತ್ಯಾಸ ಗೊತ್ತೇ ಆಗುವುದಿಲ್ಲ. 0 ಹಾಕಿದರೆ ಪದಗಳೇ ಮಾಯ. ಎರಡಕ್ಕೂ 2 ಹಾಕಿದರೂ ಕಷ್ಟ, ಕೂಡಿದರೂ 4, ಗುಣಿಸಿದರೂ 4. ಹಾಗಾಗಿ 2, 3, 5ರಂಥ ಬೇರೆ ಬೇರೆ ಚಿಕ್ಕ ಅಂಕಿಗಳೇ ಒಳ್ಳೆಯವು. ಆದರೂ ಎರಡು ಆಯ್ಕೆ ಉಳಿದರೆ ಹೊಸ ಅಂಕಿ ಹಾಕಿ ಅವೆರಡನ್ನೇ ಪರೀಕ್ಷಿಸಿ.

ಪ್ರಶ್ನೆಯಲ್ಲಿ ಷರತ್ತಿದ್ದರೆ ಅದಕ್ಕೆ ಹೊಂದುವ ಅಂಕಿಯೇ ಬೇಕು. ಎ + ಬಿ + ಸಿ = 0 ಆದಾಗ (ಎ³ + ಬಿ³ + ಸಿ³) ÷ (ಎ × ಬಿ × ಸಿ) ಎಷ್ಟು? 1, 2, −3 ತೆಗೆದುಕೊಳ್ಳಿ. ಮೇಲೆ 1 + 8 − 27 = −18. ಕೆಳಗೆ −6. ಉತ್ತರ 3. ಇಲ್ಲಿ 1, −1, 0 ಹಾಕಿದರೆ ಷರತ್ತೇನೋ ಸರಿಹೋಗುತ್ತದೆ, ಆದರೆ ಛೇದ ಸೊನ್ನೆಯಾಗಿ ಲೆಕ್ಕವೇ ನಿಂತುಹೋಗುತ್ತದೆ.

ಎಕ್ಸ್‌ನ ಬೆಲೆಯನ್ನೇ ಕೇಳಿದ್ದರೆ ಕೆಲಸ ಇನ್ನೂ ಹಗುರ. ಕೊಟ್ಟಿರುವ ಆಯ್ಕೆಗಳನ್ನೇ ಒಂದೊಂದಾಗಿ ಸಮೀಕರಣಕ್ಕೆ ಹಾಕಿ.

'ಯಾವುದೂ ಅಲ್ಲ' ಎಂಬ ಆಯ್ಕೆ ಇದ್ದರೆ ಮಾತ್ರ ಜೋಪಾನ. ತಾಳೆಯಾಗದ ಆಯ್ಕೆ ಖಂಡಿತ ತಪ್ಪು. ತಾಳೆಯಾದದ್ದು ಸರಿಯೇ ಎನ್ನಲು ಒಂದು ಸಲ ಸಾಲದು. ಇನ್ನೊಂದು ಜೊತೆ ಅಂಕಿ ಹಾಕಿ ನೋಡಿಯೇ ಗುರುತು ಹಾಕಿ.